ಗಜೇಂದ್ರನಿಗೆ ಎಣ್ಣೆ ಏರಿದ ಪ್ರಸಂಗ

ಶುಭ್ರವಸ್ತ್ರಧಾರಿಣಿಯಾದ ವಾಗ್ದೇವಿಯೇ, ನಿನ್ನನ್ನು ಈ ಕಥೆಗೆ ಕರೆಯುವುದಿಲ್ಲ. ಸೆರಗು ಕೊಳೆಯಾದೀತು, ಹಂಸ ಮೂಗು ಮುಚ್ಚಿಕೊಂಡೀತು. ಪುರಸಭೆಯ ಗಾಡಿ ಶೆಡ್ಡಿನ ಗೋಡೆಯಲ್ಲಿ, ಡೀಸೆಲ್ ಕ್ಯಾನುಗಳ ನಡುವೆ, ಒಣಗಿದ ನಿಂಬೆಹಣ್ಣಿನ ಹಾರ ತೊಟ್ಟು ಮಸಿ ಹಿಡಿದ ಪಟದೊಳಗಿಂದ ಕಣ್ಣರಳಿಸಿ ನೋಡುತ್ತಿರುವ ಮಾರಮ್ಮ ತಾಯಿಯೇ, ನೀನು ಬಾ. ನಿನಗೆ ಊರಿನ ಎಲ್ಲ ವಾಸನೆಯೂ ಗೊತ್ತು. ಈ ಘೋರಸಂಗ್ರಾಮವನ್ನು ಹೇಳಲು ನಾಲಿಗೆಗೆ ಬಲ ಕೊಡು.

ಯಾವ ಯುಗದಲ್ಲಿ ವೃತ್ತವೃತ್ತದಲ್ಲೂ ನಾಯಕರ ನಗುಮುಖಗಳು ಫ್ಲೆಕ್ಸಿನ ಮೇಲೆ ಸೂರ್ಯಚಂದ್ರರಂತೆ ಬೆಳಗುತ್ತ, ಆ ಫ್ಲೆಕ್ಸಿನ ಬುಡದಲ್ಲೇ ಚರಂಡಿಗಳು ಕಟ್ಟಿಕೊಂಡು ನಿಂತಿದ್ದವೋ. ಯಾವ ಯುಗದಲ್ಲಿ 'ಮನುಷ್ಯರನ್ನು ಮಲದ ಗುಂಡಿಗೆ ಇಳಿಸುವುದು ಶಿಕ್ಷಾರ್ಹ ಅಪರಾಧ' ಎಂಬ ಶಾಸನವನ್ನು ಪುರಸಭೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದಪ್ಪಕ್ಷರಗಳಿಂದ ಬರೆಸಿ, ಆ ಅಕ್ಷರಗಳಿಗೆ ಒರಗಿಸಿಯೇ ಹಗ್ಗ ಬಕೆಟ್ಟುಗಳನ್ನು ಇಡಲಾಗುತ್ತಿತ್ತೋ. ಆ ಪರಮಪಾವನ ಯುಗದಲ್ಲಿ, ದೊಡ್ಡಗಟ್ಟಪುರವೆಂಬ ಪಟ್ಟಣದಲ್ಲಿ, ಓಬಳೇಶನೆಂಬ ಮಹಾರಥಿ ಇದ್ದನು.

ಅವನು ಸ್ಪ್ಯಾನರುಖಡ್ಗಪಾಣಿ, ಗೇರುಗದಾಧುರಂಧರ, ದುರ್ಗಂಧದಿಗ್ವಿಜಯಿ. ಅವನ ಮೀಸೆಯ ತುದಿಗಳು ಗಡಿಯಾರದ ಮುಳ್ಳುಗಳಂತೆ ಸದಾ ಮೇಲ್ಮುಖವಾಗಿದ್ದವು. ಯೂನಿಯನ್ ಸಭೆಗಳಲ್ಲಿ ಕೇಳಿದ ಭಾಷಣಗಳನ್ನು ಅರ್ಧ ಅರಗಿಸಿಕೊಂಡು, ಇನ್ನರ್ಧವನ್ನು ಹೆಂಡತಿಯ ಮುಂದೆ ಅನ್ನಕ್ಕೆ ಮೊದಲು ಒಪ್ಪಿಸುವುದು ಅವನ ನಿತ್ಯವ್ರತವಾಗಿತ್ತು. ತಾನು ಒಂದು ದಿನ ಮಗ್ಗುಲು ಬದಲಿಸಿ ಮಲಗಿಬಿಟ್ಟರೆ ಊರಿಗೆ ಊರೇ ಮುಳುಗಿಹೋಗುತ್ತದೆ ಎಂದು ಅವನು ನಂಬಿದ್ದನು. ಈ ನಂಬಿಕೆ ಮಾತ್ರ ಅವನ ಜಂಬದ ಮಾತಲ್ಲ, ನಿಜವಾಗಿತ್ತು.

ಏಕೆಂದರೆ ಅವನು ಏರುತ್ತಿದ್ದುದು ಗಜೇಂದ್ರನನ್ನು. ಸರ್ಕಾರಿ ಭಾಷೆಯಲ್ಲಿ ಅದರ ಹೆಸರು ಮಲಹೀರು ಯಂತ್ರ. ಆದರೆ ಬೆನ್ನ ಮೇಲೆ ಗುಡಾಣದಂಥ ತೊಟ್ಟಿ ಹೊತ್ತು, ಹಿಂದುಗಡೆಯಿಂದ ಉದ್ದನೆಯ ಸೊಂಡಿಲು ಚಾಚಿ, ಶ್ರೀಮಂತರ ಬಡವರ ಎಂಬ ಭೇದವೆಣಿಸದೆ ಎಲ್ಲರ ಗುಂಡಿಯನ್ನೂ ಒಂದೇ ನಿಷ್ಠೆಯಿಂದ ಹೀರುತ್ತಿದ್ದ ಆ ಲಾರಿಗೆ ಜನ ಇಟ್ಟ ಹೆಸರು ಗಜೇಂದ್ರ. ಸೊಂಡಿಲನ್ನು ಹಿಡಿದು ಗುಂಡಿಗೆ ಬಿಡುವವನು ಓಬಳೇಶನ ಭಾಮೈದ ದುರುಗಪ್ಪ. ಮಿತಭಾಷಿ. ಅವನ ಬಾಯಿಂದ ಒಂದು ವಾಕ್ಯ ಹೊರಡಬೇಕಾದರೆ ಭಾವನ ಬಾಯಿ ಮುಚ್ಚಬೇಕಿತ್ತು. ಅಂಥ ಸುಮುಹೂರ್ತ ಅಪರೂಪ.

ಈ ಪಟ್ಟದಾನೆಗೆ ಪುರಸಭೆ ಕುಡಿಸುತ್ತಿದ್ದುದಾದರೂ ಏನು? ಎಂಜಲು. ಈ ಪದವನ್ನು ಇಲ್ಲಿ ಬೇಕೆಂದೇ ಬಳಸಲಾಗಿದೆ. ಗಜೇಂದ್ರನ ಎಂಜಿನ್ನಿಗೆಂದು ಪುರಸಭೆ ತರಿಸುತ್ತಿದ್ದ ಹೊಸ ಆಯಿಲು, ಜೇನಿನ ಬಣ್ಣದ ಆ ದಿವ್ಯದ್ರವ, ಮೊದಲು ನೈರ್ಮಲ್ಯ ಸ್ಥಾಯಿ ಸಮಿತಿಯ ಅಧ್ಯಕ್ಷರಾದ ಪಾಲಾಕ್ಷಪ್ಪನವರ ಸ್ವಂತ ಜೆಸಿಬಿಯ ಹೊಟ್ಟೆ ಸೇರುತ್ತಿತ್ತು. ಆ ಜೆಸಿಬಿಯ ಹೊಟ್ಟೆಯಿಂದ ಇಳಿದ, ಸುಟ್ಟ ಬೆಲ್ಲದ ಪಾಕದಂತೆ ಕಪ್ಪಗೆ ಅಂಟಂಟಾದ ಹಳೆಯ ಎಣ್ಣೆ ಅದೇ ಕ್ಯಾನಿನಲ್ಲಿ ತುಂಬಿಕೊಂಡು ಗಜೇಂದ್ರನಿಗೆ ಬರುತ್ತಿತ್ತು. ಆಫೀಸಿನಲ್ಲಿ ಇದನ್ನು ಟಾಪ್‌ಅಪ್ ಎನ್ನುತ್ತಿದ್ದರು. ಯಜಮಾನರು ಉಂಡು ಬಿಟ್ಟದ್ದನ್ನು ಕೇರಿಗೆ ಕಳಿಸುವ ಪದ್ಧತಿಯನ್ನು ನಮ್ಮ ಊರು ಎಂದೋ ಕೈಬಿಟ್ಟಿದೆ ಎಂದು ವೇದಿಕೆಗಳಲ್ಲಿ ಹೇಳುವವರಿದ್ದಾರೆ. ಅವರಾರೂ ಗಾಡಿ ಶೆಡ್ಡಿಗೆ ಬಂದು ನೋಡಿದವರಲ್ಲ.

ಹಿಂದೊಂದು ಚಳಿಗಾಲದ ಮುಂಜಾನೆ ಆ ಎಂಜಲೆಣ್ಣೆ ತನ್ನ ಪ್ರತಾಪ ತೋರಿತು. ನಿಂತ ಗಾಡಿಯಲ್ಲಿ ರಾತ್ರಿಯೆಲ್ಲ ಎಣ್ಣೆ ತಳಕ್ಕಿಳಿದು ಕೂತಿರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದ ಮೊದಲ ಗಳಿಗೆಯಲ್ಲಿ ಒಳಗಿನ ಕಬ್ಬಿಣಕ್ಕೆ ಕಬ್ಬಿಣ ಬರಿಮೈಯಲ್ಲೇ ಉಜ್ಜುತ್ತದೆ. ಎಣ್ಣೆ ಮೆಲ್ಲಗೆ ನೆತ್ತಿಯವರೆಗೆ ಏರಿ ಎಲ್ಲಕ್ಕೂ ಸವರಿದ ಮೇಲಷ್ಟೇ ಗಾಡಿಯನ್ನು ದುಡಿಸಬೇಕು. ಇದು ಓಬಳೇಶನಿಗೆ ಆಗ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ, ನಾಲ್ಕು ಜನ ನೋಡಲಿ ಎಂದು, ಸೆಲ್ಫ್ ಹೊಡೆದ ಕೂಡಲೇ ಭರ್ರನೆ ರೇಸ್ ಕೊಡುವುದು ಅವನ ಶೋಕಿಯಾಗಿತ್ತು. ಆ ದಿನವೂ ಕೊಟ್ಟನು. ಗಜೇಂದ್ರ ಒಮ್ಮೆ ಘೀಳಿಟ್ಟು, ಕಟಕಟ ಹಲ್ಲು ಕಡಿದು, ಎಂಜಿನ್ ಒಳಗೇ ಬಿಗಿಹಿಡಿದುಕೊಂಡು ನಿಂತುಬಿಟ್ಟನು. ಅಂದು ಬಸ್‌ಸ್ಟ್ಯಾಂಡಿನ ಮ್ಯಾನ್‌ಹೋಲಿಗೆ ದುರುಗಪ್ಪನನ್ನು ಇಳಿಸಿದರು. ಹಗ್ಗ ಹಿಡಿದಿದ್ದವನು ಓಬಳೇಶನೇ. ಹಗ್ಗದ ಆ ತುದಿ ಇದ್ದಕ್ಕಿದ್ದಂತೆ ಭಾರವಾಯಿತು. ಮೇಲೆಳೆದಾಗ ದುರುಗಪ್ಪನ ಕಣ್ಣುಗುಡ್ಡೆ ಮೇಲಾಗಿತ್ತು. ಒಂದು ಸೋಡ ಕುಡಿಸಿ, ನೆರಳಲ್ಲಿ ಕೂರಿಸಿ, ಬದುಕಿದ್ದಾನೆಂದು ಖಚಿತವಾದ ಮೇಲೆ ಅಧಿಕಾರಿಗಳು ತಿಂಡಿಗೆ ಹೋದರು. ಆ ಮೇಲೆ ದುರುಗಪ್ಪನಿಗೆ ಯಾವ ವಾಸನೆಯೂ ತಿಳಿಯದಾಯಿತು. ಈ ಕೆಲಸಕ್ಕೆ ಅದೇ ಒಳ್ಳೆಯದು ಎಂದು ಅನೇಕರು ಸಮಾಧಾನ ಹೇಳಿದರು.

ಅಂದು ಓಬಳೇಶ ಆ ಮಾರಮ್ಮನ ಪಟದ ಮುಂದೆ ನಿಂತು ಪ್ರತಿಜ್ಞೆಗೈದನು. ದಿಕ್ಪಾಲಕರು ಕೇಳಿದರೋ ಇಲ್ಲವೋ, ಶೆಡ್ಡಿನ ಹಲ್ಲಿ ಲೊಚಗುಟ್ಟಿತು. ಎಣ್ಣೆ ಏರುವ ತನಕ ಗೇರು ಮುಟ್ಟುವುದಿಲ್ಲ. ಇಂದ್ರ ಬರಲಿ, ಇನ್‌ಸ್ಪೆಕ್ಟರ್ ಬರಲಿ. ಅಂದಿನಿಂದ ಅವನು ಪ್ರತಿದಿನ ಸೆಲ್ಫ್ ಹೊಡೆದು, ಕಾಲನ್ನು ಆಕ್ಸಿಲರೇಟರಿನಿಂದ ದೂರವಿಟ್ಟು, ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಕೂರುವನು. ಮೊದಲು ಟಕಟಕ ಎನ್ನುವ ಸದ್ದು ಮೆಲ್ಲನೆ ಮೆತ್ತಗಾಗಿ, ಗಂಟಲಲ್ಲೇ ಗುರುಗುಟ್ಟುವ ಬೆಕ್ಕಿನಂತಾಗುವವರೆಗೆ ಕಾಯುವನು. ಒಂದು ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು. ಈ ಭೂಮಂಡಲದ ಮಹಾಸಮರ ನಡೆದದ್ದು ಅಷ್ಟು ಹೊತ್ತಿಗಾಗಿ.

ಎಂಜಿನ್ನೇನೋ ರಿಪೇರಿಯಾಗಿ ಬಂತು, ಎಂಜಲು ಮಾತ್ರ ನಿಲ್ಲಲಿಲ್ಲ. ಹೊಸ ಎಣ್ಣೆ ಕೊಡಿ ಎಂದು ಓಬಳೇಶ ಕೇಳದ ಬಾಗಿಲಿಲ್ಲ. ಕಡೆಗೆ ಒಂದು ದಿನ ಅವನೂ ಪೌರಕಾರ್ಮಿಕರೂ ತುಂಬಿದ ತೊಟ್ಟಿಯ ಸಮೇತ ಗಜೇಂದ್ರನನ್ನು ಪುರಸಭೆಯ ಹೆಬ್ಬಾಗಿಲಿಗೆ ಅಡ್ಡ ನಿಲ್ಲಿಸಿ ಕೂತರು. ಘೋಷಣೆ ಕೂಗಲಿಲ್ಲ. ತೊಟ್ಟಿಯ ಮುಚ್ಚಳವನ್ನು ಒಂಚೂರು ಸಡಿಲಿಸಿದರು, ಅಷ್ಟೇ. ಮನವಿಪತ್ರಗಳು ವರ್ಷಗಟ್ಟಲೆ ಮಾಡಲಾಗದ್ದನ್ನು ಒಂದು ಮಧ್ಯಾಹ್ನದ ಗಾಳಿ ಮಾಡಿತು. ಸೀಲು ಒಡೆಯದ ಹೊಸ ಆಯಿಲಿನ ಕ್ಯಾನು ಮರುದಿನವೇ ಶೆಡ್ಡಿಗೆ ಬಂತು.

ಆ ಕ್ಯಾನನ್ನು ಓಬಳೇಶ ತನ್ನ ಮನೆಯ ಮಗುವಿನಂತೆ ಎತ್ತಿ, ದುರುಗಪ್ಪನಿಗೂ ಒಮ್ಮೆ ಎತ್ತಿ ನೋಡಲು ಕೊಟ್ಟು, ಮಾರನೆಯ ಬೆಳಿಗ್ಗೆ ಶುಭಕಾರ್ಯಕ್ಕೆ ತೊಡಗಿದನು. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿಮಾಡಿ, ಗಾಡಿಯ ಕೆಳಗೆ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಎಂಜಿನ್ನಿನ ತಳದ ಚೇಂಬರ್ ಬೋಲ್ಟು ಬಿಚ್ಚಿದನು. ಕಪ್ಪೆಣ್ಣೆ ಬಾಣಲೆಗೆ ಧಾರೆಯಾಗಿ ಇಳಿಯಿತು.

ಇತ್ತ ವಿಧಿ ಬೇರೊಂದು ಬೋಲ್ಟನ್ನು ಬಿಚ್ಚುತ್ತಿತ್ತು.

ಶ್ವೇತವಸನಶೋಭಿತ, ಫ್ಲೆಕ್ಸುಫಲಕಶತಾನನ, ಸ್ಥಾಯಿಸಮಿತಿಸಿಂಹಾಸನಾಧೀಶ್ವರರಾದ ಪಾಲಾಕ್ಷಪ್ಪನವರ ಹೊಸಮನೆಗೆ ಅಂದು ಹೆಣ್ಣಿನ ಕಡೆಯವರು ಮನೆ ನೋಡುವ ಶಾಸ್ತ್ರಕ್ಕೆ ಬರುವವರಿದ್ದರು. ಮಗನಿಗೆ ಗೊತ್ತಾದ ಹೆಣ್ಣು ದೊಡ್ಡ ಮನೆತನದ್ದು. ಅವಳ ತಾತ ಗುರುಸಿದ್ದಪ್ಪ ಯಜಮಾನರು ಒಪ್ಪಿದರೆ ಒಪ್ಪಿದಂತೆ, ಎದ್ದು ನಡೆದರೆ ನಡೆದಂತೆ. ಅವರಿಗೆ ತೋರಿಸಲೆಂದೇ ಪಾಲಾಕ್ಷಪ್ಪನವರು ಕನ್ನಡಿಯಂತೆ ಹೊಳೆಯುವ ಕಲ್ಲು, ಬೆಳ್ಳಿಯಂತೆ ಮಿನುಗುವ ನಲ್ಲಿಗಳುಳ್ಳ ಸ್ನಾನಶೌಚಸೌಧವೊಂದನ್ನು ಕಟ್ಟಿಸಿದ್ದರು. ಕಟ್ಟಿಸುವ ಉತ್ಸಾಹದಲ್ಲಿ ಮೇಲಿನದೆಲ್ಲ ದೊಡ್ಡದಾಯಿತು, ಕೆಳಗಿನ ಗುಂಡಿ ಚಿಕ್ಕದಾಯಿತು. ಕಣ್ಣಿಗೆ ಕಾಣದ್ದಕ್ಕೆ ಯಾರು ಖರ್ಚು ಮಾಡುತ್ತಾರೆ. ಆ ಮಂಗಳಪ್ರಭಾತದಲ್ಲಿ ಗುಂಡಿ ತುಂಬಿ, ತುಳುಕಿ, ರಂಗೋಲಿಯತ್ತ ಹೊರಟಿತು.

ಮೆಂಬರರ ಫೋನು ಹೋದದ್ದು ಹೆಲ್ತ್ ಇನ್‌ಸ್ಪೆಕ್ಟರ್ ವಸಂತಕುಮಾರನಿಗೆ. ಈತ ಕರವಸ್ತ್ರಕವಚಿತನಾಸಿಕ. ಗಾಡಿ ಶೆಡ್ಡಿನಲ್ಲಿ ಯಾರೊಡನೆ ಮಾತಾಡಿದರೂ ಒಂದು ಮಾರು ದೂರ ನಿಂತೇ ಮಾತಾಡುವನು; ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ ಜಾಗ ಬದಲಿಸುವನು. ದೂರಕ್ಕೆ ಕಾರಣ ಕೇಳಿದರೆ ಆರೋಗ್ಯ ಎನ್ನುವನು. ಆದರೆ ಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಹಬ್ಬದ ದಿನ ಎದುರಾದ ಓಬಳೇಶನಿಗೂ ಅದೇ ಮಾರು ದೂರ ತಪ್ಪಿದ್ದಲ್ಲ. ಈ ವಸಂತಕುಮಾರ ತನ್ನ ಸ್ಕೂಟರಾರೂಢನಾಗಿ ಧೂಳೆಬ್ಬಿಸುತ್ತ ಬಂದು, ಶೆಡ್ಡಿನ ಬಾಗಿಲಲ್ಲಿ ನಿಂತು, ಫೋನನ್ನು ಸ್ಪೀಕರಿಗೆ ಹಾಕಿ, ಮೆಂಬರರು ಕೇಳುವಂತೆ ಗದರಿದನು:

"ಲೇ ಓಬ್ಳೇಶ, ಎಲ್ಲಿದೀಯೋ? ಮೆಂಬರ್ ಸಾಹೇಬ್ರ ಮನೆ ಗುಂಡಿ ತುಂಬೈತೆ. ಗಾಡಿ ತೆಗಿ."

ಗಾಡಿಯ ಹೊಟ್ಟೆಯಡಿಯಿಂದ, ಬಾಣಲೆಯ ಮೇಲೆ ಕಣ್ಣಿಟ್ಟು ಮಲಗಿದ್ದ ಮಹಾರಥಿಯ ದನಿ ಗುಹೆಯೊಳಗಿನ ಸಿಂಹದಂತೆ ಹೊರಬಂತು. "ಈಗ ಆಗಾಕಿಲ್ಲ ಸಾರ್. ಎಣ್ಣೆ ಇಳಿಸ್ತಾ ಇದೀನಿ."

ಫೋನಿನೊಳಗಿಂದ ಪಾಲಾಕ್ಷಪ್ಪನವರ ಕಂಠ: "ಏನಂದ ಅವ್ನು? ಎಲ್ಲವ್ನೆ?"

"ಗಾಡಿ ಕೆಳಗೆ ಮಲಗವ್ನೆ ಸಾರ್," ಎಂದನು ವಸಂತಕುಮಾರ.

"ಬೆಳ್‌ಬೆಳಿಗ್ಗೇನೇ?"

"ಬೆಳಿಗ್ಗೇನೇ ಒಳ್ಳೇದು ಸಾರ್," ಎಂದಿತು ಗುಹೆ, ತನ್ನ ಶಾಸ್ತ್ರವನ್ನು ವಿವರಿಸುವ ಹುಮ್ಮಸ್ಸಿನಿಂದ. "ಬಿಸಿ ಇದ್ದಾಗ ಸಲೀಸಾಗಿ ಇಳೀತೈತೆ. ಇನ್ನೂ ಅರ್ಧಾನೂ ಇಳ್ದಿಲ್ಲ. ಇದು ಇಳಿದ್ಮೇಲೆ ಹೊಸಾದು ಹಾಕ್ಬೇಕು. ಹಾಕಿ, ಅದು ನೆತ್ತಿಗೆ ಏರೋಗಂಟ ನಾನು ಕದಲಾಕಿಲ್ಲ. ಮೆಂಬರ್‌ಗೆ ಹೇಳಿ ಸಾರ್."

ಹಣತೆಗೆ ಒಂದು, ಒಗ್ಗರಣೆಗೆ ಒಂದು, ಯಂತ್ರಕ್ಕೆ ಒಂದು, ಸಂಜೆಯ ಮೇಲೆ ಗಂಟಲಿಗೆ ಇನ್ನೊಂದು ಎಂದು ನಾನಾರ್ಥಗಳನ್ನು ಹೊತ್ತು ತೂಗುವ ಎಣ್ಣೆಯೆಂಬ ಮಹಾಶಬ್ದವೇ, ಆ ಗಳಿಗೆಯಲ್ಲಿ ನೀನು ಹೊರಟದ್ದು ಒಂದರ್ಥದಲ್ಲಿ, ತಲುಪಿದ್ದು ಇನ್ನೊಂದರಲ್ಲಿ. ವಸಂತಕುಮಾರನಿಗೆ ಬಾಣಲೆ ಕಾಣುತ್ತಿತ್ತು. ಕಪ್ಪೆಣ್ಣೆ ಕಾಣುತ್ತಿತ್ತು. ಹೊಸ ಕ್ಯಾನೂ ಕಾಣುತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಎಂಜಿನ್ ಎಣ್ಣೆಯ ಮಾತು ಎತ್ತಿದರೆ, ಇದುವರೆಗಿನ ಎಣ್ಣೆ ಎಲ್ಲಿಗೆ ಹೋಯಿತೆಂಬ ಮಾತೂ ಏಳುತ್ತದೆ. ಅದು ಹೋದ ಜೆಸಿಬಿಯ ಒಡೆಯರೇ ಫೋನಿನ ಆ ತುದಿಯಲ್ಲಿದ್ದರು. ಕುಡುಕ ಡ್ರೈವರನೆಂಬುದು ಎಲ್ಲರಿಗೂ ಅನುಕೂಲವಾದ ಸತ್ಯ. ವಸಂತಕುಮಾರ ಕರವಸ್ತ್ರವನ್ನು ಇನ್ನೂ ಬಿಗಿದುಕೊಂಡನು.

"ನೋಡ್ರಿ ವಸಂತಕುಮಾರ್," ಎಂದಿತು ಫೋನು, "ಆ ಕುಡುಕ ನನ್ಮಗ ಸಸ್ಪೆಂಡು, ನಾನೇ ಬರ್ತೀನಿ. ಅಷ್ಟ್ರಲ್ಲಿ ಆ ಪೈಪ್ ಹಿಡಿಯೋನ ಕೈಗೆ ಹಗ್ಗ ಬಕೆಟ್ಟು ಕೊಟ್ಟು ರೆಡಿ ಮಾಡ್ಸಿ. ಬೀಗ್ರು ಬರೋದ್ರೊಳಗೆ ಗುಂಡಿ ಖಾಲಿ ಆಗ್ಬೇಕು. ಹೆಂಗಾರ ಆಗ್ಲಿ."

ಗಾಡಿಯ ಕೆಳಗೆ ಮಲಗಿದವನಿಗೆ ಲೋಕವೆಂದರೆ ಪಾದಗಳು. ಓಬಳೇಶನಿಗೆ ಬಾಗಿಲಲ್ಲಿ ವಸಂತಕುಮಾರನ ಹೊಳೆಯುವ ಬೂಟು ಕಂಡಿತು. ಇತ್ತ ಚಕ್ರದ ಪಕ್ಕದಲ್ಲಿ ದುರುಗಪ್ಪನ ಒಡಕು ಹಿಮ್ಮಡಿಗಳು ಕಂಡವು. ಒಂದು ಚಪ್ಪಲಿಯಿಂದ ಹೊರಬಂತು, ಇನ್ನೊಂದೂ ಹೊರಬಂತು. ಚಪ್ಪಲಿಗಳನ್ನು ಒಂದರ ಪಕ್ಕ ಒಂದು ನೇರವಾಗಿ ಗೋಡೆಗೆ ಸರಿಸಿದವು. ಆಮೇಲೆ ನೆಲದ ಮೇಲೆ ನೆರಳಿನಲ್ಲಿ ಎರಡು ಕೈಗಳು ಎದೆಯ ಬಳಿ ಒಂದೊಂದೇ ಗುಂಡಿ ಬಿಚ್ಚುತ್ತಿರುವುದು ಕಂಡಿತು. ಅಂಗಿಯನ್ನು ಮನೆಯಲ್ಲಿ ಒಗೆಯುವವಳು ದುರುಗಪ್ಪನ ಹೆಂಡತಿ. ಆ ವಾಸನೆ ಅವನಿಗೆ ತಿಳಿಯದಿದ್ದರೂ ಅವಳಿಗೆ ತಿಳಿಯುತ್ತಿತ್ತು.

ಓಬಳೇಶನ ಎದೆಯೊಳಗೆ ಪ್ರಳಯಮಾರುತವೆದ್ದಿತು. 'ಎಲವೋ ಪುರಸಭಾಧಮನೇ, ದುರ್ಗಂಧಭೀರುವೇ, ಗೋಡೆಯ ಮೇಲೆ ನೀನೇ ಬರೆಸಿದ ಶಾಸನವನ್ನು ನೀನೇ ಮೆಟ್ಟುವೆಯಾ? ನಾನು ಬದುಕಿರುವ ತನಕ, ಈ ಸ್ಪ್ಯಾನರು ಈ ಕೈಯಲ್ಲಿರುವ ತನಕ, ಗಜೇಂದ್ರನ ಸೊಂಡಿಲು ಮಾತ್ರ ಗುಂಡಿಗಿಳಿಯುವುದು, ನರನ ಕಾಲು ಇಳಿಯದು. ಬಾ, ಕಾಳಗ ಕೊಡು!' ಎಂದು ಅವನ ಅಂತರಾತ್ಮ ಗರ್ಜಿಸಿತು. ಬಾಯಿಂದ ಬಂದದ್ದು ಮಾತ್ರ: "ಒಸಿ ತಡೀರಿ ಸಾರ್."

ಅಷ್ಟು ಹೇಳಿ ಅವನು ಉರುಳಿ ಹೊರಬಂದನು. ಎದ್ದು ನಿಂತಾಗ ಅವನ ಮುಖ, ಮೀಸೆ, ತೋಳು ಎಲ್ಲ ಕಪ್ಪೆಣ್ಣೆಯಿಂದ ಮಿರುಗುತ್ತಿದ್ದು, ನಿಜವಾಗಿಯೂ ಯುದ್ಧಕ್ಕೆ ಸಿಂಗರಿಸಿಕೊಂಡವನಂತೆ ಕಂಡನು. ಅಂಗಿ ಹಾಕ್ಕೊಳ್ಳೋ ಎಂದು ಭಾಮೈದನಿಗೆ ಮೆಲ್ಲಗೆ ಹೇಳಿದನು. ದುರುಗಪ್ಪ ಅಂಗಿಯನ್ನು ಮಡಿಸಿ ಕೈಯಲ್ಲಿ ಹಿಡಿದು ನಿಂತನೇ ಹೊರತು ಹಾಕಿಕೊಳ್ಳಲಿಲ್ಲ. ಅವನಿಗೆ ಭಾವನ ಪ್ರತಿಜ್ಞೆಗಳ ಮೇಲೆ ಅಷ್ಟೊಂದು ಭರವಸೆಯಿರಲಿಲ್ಲ.

ಅಷ್ಟರಲ್ಲಿ ಬಿಳಿಯ ಕಾರು ಬಂದು ನಿಂತು, ಅದರೊಳಗಿಂದ ಗಂಧದ ವಾಸನೆಯೂ, ಪಾಲಾಕ್ಷಪ್ಪನವರೂ, ಸಾಹೇಬರ ಚಪ್ಪಲಿಗಿಂತ ಎರಡು ಹೆಜ್ಜೆ ಹಿಂದೆ ನಡೆಯುವ ಹಿಂಬಾಲಕರಿಬ್ಬರೂ ಇಳಿದರು. ಶತಾನನರು ಶೆಡ್ಡಿನ ಮಧ್ಯೆ ನಿಂತು ಘೋರಭಾಷಣಗೈದರು. ತಾವು ಯಾರು, ತಮ್ಮ ತಂದೆ ಯಾರು, ಈ ಊರಿನ ಯಾವ ಯಾವ ಮೋರಿಗೆ ತಾವೇ ಪೂಜೆ ಮಾಡಿ ಕಾಯಿ ಒಡೆದಿದ್ದು, ತಾವು ಒಂದು ಫೋನು ಮಾಡಿದರೆ ಯಾರ ಯಾರ ಕುರ್ಚಿಗಳು ಎಲ್ಲೆಲ್ಲಿಗೆ ಹಾರುತ್ತವೆ ಎಂಬುದನ್ನು ಸಾದ್ಯಂತವಾಗಿ ವರ್ಣಿಸಿದರು. ಬೀಗರ ಕಾರು ಆಗಲೇ ಹೆದ್ದಾರಿಗೆ ಬಂದಿದೆಯೆಂದೂ, ಯಜಮಾನರು ವಯಸ್ಸಾದವರಾದ್ದರಿಂದ ಬಂದವರೇ ಮೊದಲು ಅಲ್ಲಿಗೇ ಹೋಗಬೇಕಾದೀತೆಂದೂ ಹೇಳುವಾಗ ಅವರ ಕಂಠ ಗದ್ಗದವಾಯಿತು. ಕಡೆಯಲ್ಲಿ ತೀರ್ಪು ಕೊಟ್ಟರು: ಡ್ಯೂಟಿಯಲ್ಲಿ ಕುಡಿದ ಓಬಳೇಶ ಅಮಾನತು; ದುರುಗಪ್ಪ ಗುಂಡಿಗೆ.

"ನಾನು ಕುಡ್ದಿಲ್ಲ ಸಾರ್," ಎಂದನು ಓಬಳೇಶ.

"ಎಣ್ಣೆ ಇಳಿಸ್ತಾ ಇದೀನಿ ಅಂತ ನಿನ್ನ ಬಾಯಲ್ಲೇ ಅಂದಲ್ಲೋ. ನನ್ನ ಕಿವೀಲಿ ಕೇಳಿದೀನಿ."

"ಕೇಳಿದ್ದು ಕಿವಿ ಸಾರ್. ಮೂಗಲ್ಲಿ ನೋಡಿ." ಓಬಳೇಶ ಒಂದು ಹೆಜ್ಜೆ ಮುಂದಿಟ್ಟನು. "ಕುಡ್ದಿದ್ರೆ ಬಾಯಿ ನಾರ್ತೈತಲ್ಲ. ಮೂಸಿ ಹೇಳಿ. ನಾರಿದ್ರೆ ಈಗ್ಲೇ ಮನೇಗ್ ಹೋಗ್ತೀನಿ."

ನ್ಯಾಯವಾದ ಮಾತು. ಪಾಲಾಕ್ಷಪ್ಪನವರಿಗೂ ಅದು ನ್ಯಾಯವೆಂದೇ ತೋರಿತು. ಅವರು ವಸಂತಕುಮಾರನ ಕಡೆ ತಿರುಗಿ, ಆರೋಗ್ಯಾಧಿಕಾರಿ ನೀವು, ಮೂಸಿ ನೋಡಿ, ಎಂದರು.

ಇಲ್ಲಿ, ಕೇಳುವವರೇ, ಭೂಮಿ ತನ್ನ ಅಚ್ಚಿನ ಮೇಲೆ ಒಂದಿಷ್ಟು ನಡುಗಿತು. ಸೇವೆಗೆ ಸೇರಿದಂದಿನಿಂದ ಒಂದು ಮಾರು ದೂರವನ್ನು ಕಣ್ಣಿನ ರೆಪ್ಪೆಯಂತೆ ಕಾಪಾಡಿಕೊಂಡು ಬಂದ ವಸಂತಕುಮಾರ ಈಗ ಆ ಮಾರನ್ನು ದಾಟಬೇಕಿತ್ತು. ತನ್ನ ಮೂಗನ್ನು, ಕುಲಪರಂಪರೆಯಿಂದ ಬಂದ ಆ ಶುಚಿರ್ಭೂತ ಮೂಗನ್ನು, ಗಾಡಿ ಶೆಡ್ಡಿನ ಮನುಷ್ಯನ ಬಾಯಿಯ ಹತ್ತಿರ, ಅವನ ಉಸಿರು ಮುಟ್ಟುವಷ್ಟು ಹತ್ತಿರ ಒಯ್ಯಬೇಕಿತ್ತು. ಓಬಳೇಶ ಬಾಯಿ ಅಗಲಿಸಿ "ಹಾ" ಎಂದನು. ವಸಂತಕುಮಾರ ಒಂದು ಹೆಜ್ಜೆ ಹಿಂದೆ ಸರಿದನು. ನೆಗಡಿಯಾಗಿದೆ ಸಾರ್, ತಿಳಿಯೋದಿಲ್ಲ, ಎಂದನು.

ಆಗ ಓಬಳೇಶನಿಗೆ ತನ್ನ ಬತ್ತಳಿಕೆಯಲ್ಲಿ ಎಂಥ ಅಸ್ತ್ರವಿದೆಯೆಂಬುದು ಹೊಳೆಯಿತು. ಹುಟ್ಟಿದಾಗಿನಿಂದ ಅವನ ಜೊತೆಗೇ ಇದ್ದು, ಅವನನ್ನು ಹೋಟೆಲಿನ ಹೊರಬೆಂಚಿಗೆ, ಮದುವೆ ಊಟದ ಕಡೆಯ ಪಂಕ್ತಿಗೆ, ಬಾಗಿಲಾಚೆಯ ಮೆಟ್ಟಿಲಿಗೆ ತಳ್ಳುತ್ತ ಬಂದ ಆ ದೂರವೆಂಬುದು ಇಂದು ಅವನ ಕೈಯ ಆಯುಧವಾಗಿತ್ತು. ಅವನು ಮುಖಾಸ್ತ್ರವನ್ನು ಪಾಲಾಕ್ಷಪ್ಪನವರ ಕಡೆ ತಿರುಗಿಸಿ, "ನೀವೇ ನೋಡ್ಬಿಡಿ ಸಾರ್, ಹಾ," ಎಂದು ಇನ್ನೊಂದು ಹೆಜ್ಜೆ ಇಟ್ಟನು. ಶತಾನನರ ನೂರು ಮುಖಗಳೂ ಒಮ್ಮೆಲೇ ಪಕ್ಕಕ್ಕೆ ತಿರುಗಿದವು. ಬಿಳಿಯ ಪಂಚೆಯನ್ನು ಎತ್ತಿಹಿಡಿದು ಅವರು ಹಿಂದೆ ಸರಿದರು. ಹಿಂಬಾಲಕರನ್ನು ಮುಂದಕ್ಕೆ ತಳ್ಳಿದರು. ಹಿಂಬಾಲಕರು ಹಿಂಬಾಲಿಸುವುದಕ್ಕೆ ಹುಟ್ಟಿದವರು, ಮುಂದೆ ಬರುವುದು ಅವರಿಗೆ ಬಾರದು, ಅವರೂ ಸರಿದರು. ಓಬಳೇಶ ಹೆಜ್ಜೆಯಿಟ್ಟಂತೆಲ್ಲ ಆ ಚತುರಂಗಬಲ ಹಿಮ್ಮೆಟ್ಟಿತು. ಶೆಡ್ಡಿನ ನಡುವಿನಿಂದ ಬಾಗಿಲಿಗೆ, ಬಾಗಿಲಿನಿಂದ ಅಂಗಳಕ್ಕೆ, ಅಂಗಳದಿಂದ ನುಗ್ಗೆಮರದ ಬುಡಕ್ಕೆ. ಅವನು ಕುಡಿದಿದ್ದಾನೆಂದು ಒಬ್ಬರಾದರೂ ಹೇಳಬೇಕಾದರೆ ಹತ್ತಿರ ಬರಲೇಬೇಕು. ಹತ್ತಿರ ಬರಲು ಅಲ್ಲಿದ್ದ ಯಾರ ಸಂಸ್ಕಾರವೂ ಬಿಡಲಿಲ್ಲ. ಬರಿಯ ಬಾಯಿ ತೆರೆದು ಇಷ್ಟು ದೂರ ಶತ್ರುಗಳನ್ನು ಅಟ್ಟಿದ ವೀರ ಹಿಂದೆ ಯಾರೂ ಇರಲಿಲ್ಲ, ಇದ್ದಿದ್ದರೂ ಅವನಿಗೆ ಫ್ಲೆಕ್ಸು ಹಾಕಿಸುವವರು ಯಾರೂ ಇರಲಿಲ್ಲ.

ಈ ದಿಗ್ವಿಜಯದ ಸಮಯದಲ್ಲಿ ಶೆಡ್ಡಿನೊಳಗೆ ಬೇರೊಬ್ಬನು ಸುಮ್ಮನೆ ಕೆಲಸ ಮಾಡುತ್ತಿದ್ದನು. ಭಾವ ಬಾಯಿ ತೆರೆದು ಹೊರಗೆ ಹೋದದ್ದನ್ನು ಕಂಡ ದುರುಗಪ್ಪ, ಅಂಗಿಯನ್ನು ಚಕ್ರದ ಮೇಲಿಟ್ಟು, ಕೆಳಗೆ ತೂರಿ ಚೇಂಬರ್ ಬೋಲ್ಟು ಬಿಗಿದು, ಹೊಸ ಕ್ಯಾನಿನ ಸೀಲು ಒಡೆದು, ಜೇನಿನಂಥ ಎಣ್ಣೆಯನ್ನು ಎಂಜಿನ್ನಿನ ಬಾಯಿಗೆ ಸುರಿದಿದ್ದನು. ಬಾಗಿಲಿಗೆ ಬಂದು ಕರೆದನು.

"ಭಾವ, ಹಾಕಿದೀನಿ. ಬಾಯಿ ಮುಚ್ಕೊಂಡು ಬಾ, ಸೆಲ್ಫ್ ಹೊಡಿ."

ಓಬಳೇಶ ಬಾಯಿ ಮುಚ್ಚಿ, ವಿಜಯಿಯ ನಡಿಗೆಯಲ್ಲಿ ಹಿಂದಿರುಗಿ, ಗಜಾರೋಹಣ ಮಾಡಿ ಕೀಲಿ ತಿರುವಿದನು. ಗಜೇಂದ್ರ ಕೆಮ್ಮಿ, ನಡುಗಿ, ಟಕಟಕಟಕ ಎಂದು ಎದ್ದನು. ಪಾಲಾಕ್ಷಪ್ಪನವರು ಅಂಗಳದಿಂದಲೇ ಕೈಬೀಸಿ ಹೊರಡು ಹೊರಡು ಎಂದರು. ಗಾಡಿ ಕದಲಲಿಲ್ಲ. ಓಬಳೇಶ ಕಾಲನ್ನು ಮಡಚಿ ಸೀಟಿನ ಮೇಲಿಟ್ಟು, ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕೂತಿದ್ದನು.

"ಯಾಕೋ ನಿಲ್ಸಿದೀಯ?"

"ಏರ್ತಾ ಐತೆ ಸಾರ್."

"ಏನೋ ಏರ್ತಾ ಇರೋದು?"

"ಎಣ್ಣೆ."

ಇನ್ನು ತಡೆಯಲಾರದೆ ವಸಂತಕುಮಾರ ಮೆಂಬರರ ಕಿವಿಯಲ್ಲಿ ಪಿಸುಗುಟ್ಟಿದನು. ಇದು ಆ ಎಣ್ಣೆಯಲ್ಲ, ಎಂಜಿನ್ ಆಯಿಲು. ಹಳೆಯದನ್ನು ತೆಗೆದು ಹೊಸದು ಹಾಕಿದ್ದಾನೆ. ಅದು ಮೇಲೇರುವ ಮುಂಚೆ ಎಳೆದರೆ ಗಾಡಿ ಹೋದ ಸಲದಂತೆ ಹಿಡಿದುಕೊಂಡು ನಡುರಸ್ತೆಯಲ್ಲಿ ನಿಂತೀತು. ಹೊಸದೇ, ಎಂದು ಪಾಲಾಕ್ಷಪ್ಪನವರು ಕೇಳಿದರು. ಅವರ ಮುಖದಲ್ಲಿ ಆಗ ಕಂಡದ್ದು ನಾಚಿಕೆಯಲ್ಲ. ತಮ್ಮ ಜೆಸಿಬಿಗೆ ಈ ಸಲ ಬಂದಿಲ್ಲವಲ್ಲ ಎಂಬ ಲೆಕ್ಕಾಚಾರ. ಆದರೆ ಯುದ್ಧಭೂಮಿಯಲ್ಲಿ ಸೋತವರು ಸೋತೆವೆನ್ನುವ ಪದ್ಧತಿ ಸ್ಥಾಯಿ ಸಮಿತಿಯಲ್ಲಿ ಇಲ್ಲ. ಅವರು ಗಂಟಲು ಸರಿಪಡಿಸಿಕೊಂಡು ಸಂಧಿಯ ಷರತ್ತನ್ನು ಘೋಷಿಸಿದರು. ಇನ್ನು ಮುಂದೆ ಪುರಸಭೆಯ ಯಾವ ನೌಕರನೂ ಕೆಲಸದ ವೇಳೆಯಲ್ಲಿ ಎಣ್ಣೆ ಎನ್ನಕೂಡದು. ಆಯಿಲ್ ಎನ್ನಬೇಕು. ಮೀರಿದರೆ ನೋಟೀಸು. ತಪ್ಪು ಓಬಳೇಶನದಲ್ಲವಾದರೆ ಕನ್ನಡದ್ದಾಗಲೇಬೇಕಿತ್ತು. ಅದನ್ನು ಸ್ಥಳದಲ್ಲೇ ಅಮಾನತು ಮಾಡಿದರು.

ಟಕಟಕ ಮೆತ್ತಗಾಯಿತು. ಗುರುಗುಟ್ಟಿತು. ಓಬಳೇಶನ ಅಂಗೈ ಕೆಳಗೆ ಗಜೇಂದ್ರ, ಎಷ್ಟೋ ಕಾಲದ ಮೇಲೆ ಮೊದಲ ಸಲ ಯಾರ ಎಂಜಲೂ ಅಲ್ಲದ್ದನ್ನು ಕುಡಿದು, ಸಮಾಧಾನದಿಂದ ಉಸಿರಾಡಿದನು. ದುರುಗಪ್ಪ ಅಂಗಿ ಹಾಕಿಕೊಂಡು, ಎಲ್ಲ ಗುಂಡಿಗಳನ್ನೂ ಮೇಲಿನದರವರೆಗೆ ಹಾಕಿಕೊಂಡು, ಪಕ್ಕದಲ್ಲಿ ಹತ್ತಿ ಕೂತನು. ಆಗ ಗೇರು ಬಿತ್ತು.

ಮೆಂಬರರ ಹೊಸಮನೆಯ ಹಿತ್ತಲಿನಲ್ಲಿ ಗಜೇಂದ್ರ ನಡೆಸಿದ ಪಾನಲೀಲೆಯನ್ನು ಹೆಚ್ಚು ವರ್ಣಿಸುವುದು ಬೇಡ. ದುರುಗಪ್ಪ ನೆಲದ ಮೇಲೆ ನಿಂತೇ, ಚಪ್ಪಲಿ ಮೆಟ್ಟಿಯೇ, ಸೊಂಡಿಲನ್ನು ಗುಂಡಿಗಿಳಿಸಿದನು. ಸೊಂಡಿಲು ಹೀರಿತು. ರಂಗೋಲಿ ಉಳಿಯಿತು. ಸೊಂಡಿಲು ಸುತ್ತಿ ಮುಗಿಯುವುದಕ್ಕೂ ಬೀಗರ ಕಾರುಗಳು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಗಜೇಂದ್ರನನ್ನು ಮರೆಮಾಡಲು ಸಮಯವಿಲ್ಲದೆ ವಸಂತಕುಮಾರ ಅವನ ಮುಂದೆ ಎರಡೂ ಕೈ ಅಗಲಿಸಿ ನಿಂತನು.

ಗುರುಸಿದ್ದಪ್ಪ ಯಜಮಾನರು ಕಾರಿನಿಂದ ಇಳಿದು, ಮೊಣಕಾಲು ನೀವಿಕೊಂಡು, ಕಾಲು ತೊಳೆಯುವ ಮೊದಲೇ ಕೇಳಿದ್ದು ಎಲ್ಲರೂ ನಿರೀಕ್ಷಿಸಿದ್ದನ್ನೇ. ಪಾಲಾಕ್ಷಪ್ಪನವರು ಆನಂದಬಾಷ್ಪಭರಿತರಾಗಿ ಅವರನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಸ್ನಾನಶೌಚಸೌಧದ ಬಾಗಿಲನ್ನು ತೆರೆದರು. ದೀಪಗಳು ತಾವಾಗಿಯೇ ಹೊತ್ತಿಕೊಂಡವು. ಕಲ್ಲು ಹೊಳೆಯಿತು, ನಲ್ಲಿ ಮಿನುಗಿತು. ಯಜಮಾನರು ಹೊಸಲಿನಾಚೆಯೇ ನಿಂತು, ಇಣುಕಿ, ಕುರ್ಚಿಯಂಥದ್ದನ್ನು ಒಮ್ಮೆ, ಚಾವಣಿಯನ್ನು ಒಮ್ಮೆ ನೋಡಿ, ಚೆನ್ನಾಗೈತೆ ಎಂದು ಬಾಗಿಲನ್ನು ಮುಂದಕ್ಕೆಳೆದರು. ಆಮೇಲೆ ಕೋಲೂರಿಕೊಂಡು ಹಿತ್ತಲಿಗೆ ನಡೆದು, ಪೈಪು ಕಟ್ಟುತ್ತಿದ್ದ ದುರುಗಪ್ಪನ ಬಳಿ ನಿಂತರು.

"ತಮ್ಮಾ, ನಾಕು ಗೋಡೆ ಮಧ್ಯೆ ನಮಗೆ ಆಗಾಕಿಲ್ಲ ಕಣಪ್ಪ," ಎಂದರು. "ಇಲ್ಲಿ ಬಯಲು ಯಾವ ಕಡೆಗೈತೆ?"

ದುರುಗಪ್ಪ ಕೈ ಎತ್ತಿ ಬಡಾವಣೆಯ ಕೊನೆಯ ಸೈಟಿನಾಚೆಯ ಜಾಲಿಪೊದೆಗಳನ್ನು ತೋರಿಸಿದನು. ಯಜಮಾನರು ಆ ಕಡೆ ಹೊರಟರು. ಶ್ವೇತವಸನಶೋಭಿತ, ಫ್ಲೆಕ್ಸುಫಲಕಶತಾನನ, ಸ್ಥಾಯಿಸಮಿತಿಸಿಂಹಾಸನಾಧೀಶ್ವರರಾದ ಪಾಲಾಕ್ಷಪ್ಪನವರು ಅಡುಗೆಮನೆಗೆ ಓಡಿ, ಒಂದು ಚೊಂಬು ನೀರು ತುಂಬಿಕೊಂಡು, ತುಳುಕಿಸುತ್ತ, ಬೀಗರ ಹಿಂದೆ ಹಿಂದೆಯೇ ಜಾಲಿಪೊದೆಯತ್ತ ನಡೆದರು.

ಓಬಳೇಶ ಕ್ಯಾಬಿನ್ನಿನೊಳಗಿಂದ ಅದನ್ನು ನೋಡಿದನು. ಅವನ ಬಾಯಿಗೆ ಒಂದು ಭಾಷಣ ಬಂದಿತ್ತು, ಅರ್ಧಕ್ಕೆ ನಿಂತಿತು.

"ಇದಕ್ಕೇನ್ಲಾ ದುರುಗ," ಎಂದನು ಕಡೆಗೆ, "ನಿನ್ನ ಒಳೀಕೆ ಇಳಿಸ್ತಿದ್ದಿದ್ದು?"

ದುರುಗಪ್ಪ ಪೈಪಿನ ಕೊನೆಯ ಗಂಟು ಬಿಗಿದು, ಕೈ ಒರೆಸಿಕೊಂಡು, ಪಕ್ಕದ ಸೀಟಿಗೆ ಹತ್ತಿದನು.

"ತೆಗಿ ಭಾವ," ಎಂದನು. "ಸಂತೇಪೇಟೇಲಿ ಇನ್ನೊಂದು ಕಟ್ಕೊಂಡೈತಂತೆ."